ರಾತ್ರಿ ಮಣ್ಣುದಾರಿಗೆ ಸೈಕಲ್ ಲೈಟ್: ಕಡಿಮೆ ದುಡ್ಡಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ

ಬೇಸಿಗೆ ಬಂತೆಂದರೆ ನಾವು ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆಗೆ ಬೆಳಗಿನ ಜಾವ ನಾಲ್ಕೂವರೆಗೇ ಹೊರಡುತ್ತೇವೆ. ಟಾರು ರಸ್ತೆ ಬಿಟ್ಟು ದ್ರಾಕ್ಷಿ ತೋಟಗಳ ಮಧ್ಯದ ಮಣ್ಣುದಾರಿ ಹಿಡಿದ ಮೇಲೆ ಬೀದಿ ದೀಪ ಇರುವುದಿಲ್ಲ. ಮೊದಲ ವರ್ಷ ನನ್ನ ಹ್ಯಾಂಡಲ್ ಮೇಲಿದ್ದದ್ದು ಆನ್‌ಲೈನಲ್ಲಿ ಕೊಂಡ ಅಗ್ಗದ ಲೈಟು. ಡಬ್ಬಿ ಮೇಲೆ 5000 ಲ್ಯೂಮೆನ್ (ಲೈಟು ಬಿಡುವ ಒಟ್ಟು ಬೆಳಕಿನ ಅಳತೆ) ಅಂತ ಇತ್ತು. ಹೊರಟು ಮುಕ್ಕಾಲು ಗಂಟೆ ಆಗಿತ್ತಷ್ಟೆ, ಕೆರೆ ಏರಿಯಿಂದ ಕೆಳಗಿಳಿಯುವಾಗ ಇದ್ದಕ್ಕಿದ್ದಂತೆ ಆರಿಹೋಯಿತು. ಮುಂದಿನ ಚಕ್ರ ಮಳೆನೀರು ಕೊರೆದ ಕೊರಕಲಿಗೆ ಇಳಿಯಿತು, ನಾನು ಜಾಲಿ ಪೊದೆ ಪಕ್ಕ ಬಿದ್ದೆ. ಪುಣ್ಯಕ್ಕೆ ಮೊಣಕೈ ತರಚಿತು, ಅಷ್ಟೇ. ಅಂದಿನಿಂದ ಲೈಟ್ ಕೊಳ್ಳುವವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಡಬ್ಬಿ ಮೇಲಿನ ಲ್ಯೂಮೆನ್ ನೋಡಬೇಡಿ, ಒಳಗಿರುವ ಬ್ಯಾಟರಿ ನೋಡಿ.

ಲೆಕ್ಕ ಸುಲಭ. ಇಂಥ ಲೈಟುಗಳಲ್ಲಿ ಹೆಚ್ಚಾಗಿ ಇರುವುದು 18650 ಅನ್ನುವ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಎಷ್ಟೇ ಒಳ್ಳೆಯ ಕಂಪನಿಯದಾದರೂ ಈ ಸೆಲ್‌ನಲ್ಲಿ ಹಿಡಿಯುವುದು ಸುಮಾರು 3500 ಎಂಎಎಚ್ (ಬ್ಯಾಟರಿಯಲ್ಲಿ ಹಿಡಿಯುವ ಚಾರ್ಜಿನ ಅಳತೆ), ಅಂದರೆ 3.5 ಆಂಪಿಯರ್-ಅವರ್. 3.6 ವೋಲ್ಟ್‌ನಿಂದ ಗುಣಿಸಿದರೆ 12.6 ವ್ಯಾಟ್-ಅವರ್, ಅಂದರೆ ಒಂದು ವ್ಯಾಟಿನ ಲೈಟನ್ನು 12.6 ಗಂಟೆ ಉರಿಸುವಷ್ಟು ಶಕ್ತಿ. ಒಂದು ವ್ಯಾಟ್‌ಗೆ ಹೆಚ್ಚುಕಡಿಮೆ 100 ಲ್ಯೂಮೆನ್ ಬೆಳಕು ಅಂತ ಇಟ್ಟುಕೊಳ್ಳಿ. 800 ಲ್ಯೂಮೆನ್‌ಗೆ 8 ವ್ಯಾಟ್ ಬೇಕು, ಅಂದರೆ ಒಂದು ಸೆಲ್ ಒಂದೂವರೆ ಗಂಟೆ ಬರುತ್ತದೆ. 5000 ಲ್ಯೂಮೆನ್‌ಗೆ 50 ವ್ಯಾಟ್ ಬೇಕಾಗುತ್ತದೆ, ಆಗ ಅದೇ ಸೆಲ್ ಕಾಲು ಗಂಟೆಯಲ್ಲಿ ಖಾಲಿ, ಅದೂ ಆ ಕಾವನ್ನು ಪುಟ್ಟ ಲೈಟು ತಡೆದುಕೊಂಡರೆ ಮಾತ್ರ. ಈ ಲೆಕ್ಕ ಕೂಡಿ ಬರದ ಲೈಟನ್ನು ಬಿಟ್ಟುಬಿಡಿ. 18650 ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು. ಅನುಮಾನ ಬಂದರೆ ಅಡುಗೆಮನೆ ತಕ್ಕಡಿ ಮೇಲಿಡಿ: ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ನಕಲಿ ಎಷ್ಟೋ ಸಲ ಅದಕ್ಕಿಂತ ಹಗುರ. ಇದಕ್ಕಿಂತ ಸ್ವಲ್ಪ ದೊಡ್ಡದಾದ 21700 ಸೆಲ್ ಇರುವ ಲೈಟು ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ 5000 ಎಂಎಎಚ್ ಕೂಡ ಸಿಗುತ್ತದೆ.

ಹಾಗಾದರೆ ಎಷ್ಟು ಬೆಳಕು ಸಾಕು? ಹಳ್ಳಿ ಮಣ್ಣುದಾರಿಯಲ್ಲಿ ಆರಾಮಾಗಿ ತುಳಿಯಲು ನಿಜವಾದ 400-600 ಲ್ಯೂಮೆನ್ ಧಾರಾಳ. ಕಲ್ಲು, ಬೇರು ಇರುವ ಇಳಿಜಾರಿಗೆ 800-1000 ಇರಲಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ 8 ಮೀಟರ್ ಮುಂದೆ ಹೋಗಿರುತ್ತದೆ. ಕಲ್ಲು ಕಂಡು, ಬ್ರೇಕ್ ಹಿಡಿದು, ಸಡಿಲ ಜಲ್ಲಿ ಮೇಲೆ ನಿಲ್ಲಬೇಕು ಅಲ್ವಾ? 25 ಮೀಟರ್ ಆದರೂ ಕಾಣಲೇಬೇಕು. ಎರಡರಷ್ಟು ದೂರ ಅಷ್ಟೇ ಚೆನ್ನಾಗಿ ಕಾಣಬೇಕೆಂದರೆ ನಾಲ್ಕರಷ್ಟು ಬೆಳಕು ಬೇಕು. ಅದಕ್ಕೇ ಲ್ಯೂಮೆನ್ ಹಿಂದೆ ಓಡಿದರೆ ಸುಮ್ನೆ ದುಡ್ಡು ದಂಡ, ಇಳಿಜಾರಲ್ಲಿ ವೇಗ ತಗ್ಗಿಸುವುದೇ ಮೇಲು.

ಬೆಳಕು ಹರಡುವ ರೀತಿಯನ್ನೂ ನೋಡಿ. ಜರ್ಮನಿಯ ರಸ್ತೆ ನಿಯಮಕ್ಕೆ ಹೊಂದಿಸಿದ ಲೈಟುಗಳಲ್ಲಿ ಮೇಲ್ಭಾಗದ ಬೆಳಕನ್ನು ಕತ್ತರಿಸಿರುತ್ತಾರೆ. ಎದುರು ಬರುವವರ ಕಣ್ಣು ಕುಕ್ಕದಿರಲಿ ಅಂತ, ರಸ್ತೆಗೆ ಅದು ತುಂಬಾ ಒಳ್ಳೆಯದು. ಆದರೆ ಮರದ ಸಂದಿಯಲ್ಲಿ ಹೋಗುವಾಗ ಮುಖದ ಎತ್ತರಕ್ಕೆ ಬಾಗಿದ ಕೊಂಬೆಯೇ ಕಾಣುವುದಿಲ್ಲ. ನಮಗೆ ಬೇಕಾದದ್ದು ಅಗಲವಾಗಿ ಹರಡುವ ಬೆಳಕು. ಬಣ್ಣ ನೀಲಿ ಛಾಯೆಯ ಬಿಳಿಗಿಂತ 4000-5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಇರಲಿ, ನಮ್ಮ ಕೆಂಪು ಮಣ್ಣಲ್ಲಿ ಒಣಗಿದ ಎಲೆ ಯಾವುದು, ಬೇರು ಯಾವುದು ಅಂತ ಬೇಗ ಗೊತ್ತಾಗುತ್ತದೆ.

ಒಂದು ದುಬಾರಿ ಲೈಟಿಗಿಂತ ಎರಡು ಸಾಧಾರಣ ಲೈಟು ವಾಸಿ. ಹ್ಯಾಂಡಲ್ ಮೇಲಿನ ಲೈಟು ನಿಮ್ಮ ಕಣ್ಣಿಗಿಂತ ಕೆಳಗಿರುತ್ತದೆ. ಹಾಗಾಗಿ ನಿಂಬೆಹಣ್ಣಿನಷ್ಟು ಕಲ್ಲಿಗೂ ಹಿಂದೆ ಉದ್ದ ನೆರಳು ಬೀಳುತ್ತದೆ, ಕೊರಕಲು ಕಪ್ಪು ಗೆರೆಯ ಹಾಗೆ ಎದ್ದು ಕಾಣುತ್ತದೆ. ಅದೇ ಲೈಟನ್ನು ಹೆಲ್ಮೆಟ್‌ಗೆ ಮಾತ್ರ ಕಟ್ಟಿ ನೋಡಿ, ನೆರಳೆಲ್ಲ ಕಲ್ಲಿನ ಹಿಂದೆ ಅಡಗಿ ನೆಲ ಚಪ್ಪಟೆಯಾಗಿ ಕಾಣುತ್ತದೆ. ಹೆಲ್ಮೆಟ್ ಲೈಟ್ ಉಪಯೋಗಕ್ಕೆ ಬರುವುದು ತಿರುವಿನಲ್ಲಿ. ಚಕ್ರ ಇನ್ನೂ ನೇರ ಇರುವಾಗಲೇ ನೀವು ತಲೆ ತಿರುಗಿಸಿದ ಕಡೆ ಬೆಳಕು ಬೀಳುತ್ತದೆ. ಒಂದಕ್ಕೇ ದುಡ್ಡಿದ್ದರೆ ಹ್ಯಾಂಡಲ್‌ಗೆ ಕೊಳ್ಳಿ. ಆಮೇಲೆ 300-400 ಲ್ಯೂಮೆನ್‌ನ ಹಗುರವಾದದ್ದು ತಲೆಗೆ. ನಾನು ಹ್ಯಾಂಡಲ್ ಲೈಟ್‌ಗೆ 2,400, ಹೆಲ್ಮೆಟ್‌ಗೆ ಕಟ್ಟಿಕೊಂಡ ಸಣ್ಣ ಟಾರ್ಚ್‌ಗೆ 1,100 ರೂಪಾಯಿ ಕೊಟ್ಟೆ, ಎರಡೂ ಇವತ್ತಿಗೂ ಚೆನ್ನಾಗಿವೆ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಮಾತ್ರ ತಲೆಯ ಲೈಟ್ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಕಣ್ಣ ಮುಂದೆ ಬಿಳಿ ಗೋಡೆ ನಿಂತ ಹಾಗಾಗುತ್ತದೆ.

ಮನೆಗೆ ತಂದ ದಿನವೇ ಒಂದು ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಮಾಡಿ, ಟೇಬಲ್ ಫ್ಯಾನ್ ಮುಂದೆ ಇಟ್ಟು, ಮಧ್ಯದ ಮೋಡ್‌ನಲ್ಲಿ ಹಚ್ಚಿ. ಫ್ಯಾನ್ ಯಾಕೆಂದರೆ ಸೈಕಲ್ ಓಡುವಾಗ ಗಾಳಿ ಬಡಿದು ಲೈಟು ತಣ್ಣಗಿರುತ್ತದೆ, ನಿಂತಲ್ಲೇ ಉರಿಸಿದರೆ ಕಾವು ಏರಿ ತಾನಾಗಿ ಮಂಕಾಗುತ್ತದೆ. ಎಷ್ಟು ಹೊತ್ತಿಗೆ ಬೆಳಕು ತಗ್ಗಿತು, ಎಷ್ಟು ಹೊತ್ತಿಗೆ ಆರಿತು ಅಂತ ಬರೆದಿಡಿ. ಕಂಪನಿ ಹೇಳುವ ಗಂಟೆಗಳನ್ನು ಪೂರ್ತಿ ನಂಬಬೇಡಿ, ಎಷ್ಟೋ ಕಂಪನಿಗಳು ಬೆಳಕು ಶೇಕಡಾ 10ಕ್ಕೆ ಇಳಿಯುವವರೆಗಿನ ಹೊತ್ತನ್ನೇ ಲೆಕ್ಕ ಹಿಡಿದಿರುತ್ತವೆ. ಸರಿಯಿಲ್ಲ ಅನ್ನಿಸಿದರೆ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆಯೇ ಕೊಟ್ಟುಬಿಡಿ.

ಕ್ಲಾಂಪ್ ಸಡಿಲವಾದರೆ ಎಂಥ ಲೈಟೂ ಪ್ರಯೋಜನವಿಲ್ಲ, ಜಲ್ಲಿ ಮೇಲೆ ಮೂಗು ಕೆಳಗೆ ಮಾಡಿ ಚಕ್ರಕ್ಕೇ ಬೆಳಕು ಬಿಡುತ್ತದೆ. ಹಳೇ ಟ್ಯೂಬಿನ ಎರಡು ಬೆರಳಗಲದ ತುಂಡು ಕತ್ತರಿಸಿ ಹ್ಯಾಂಡಲ್‌ಗೆ ಸುತ್ತಿ, ಅದರ ಮೇಲೆ ಕ್ಲಾಂಪ್ ಬಿಗಿಯಿರಿ. ಅಲ್ಲಾಡುವುದಿಲ್ಲ. ತುಂತುರು ಮಳೆಗೆ ಐಪಿಎಕ್ಸ್4 (ನೀರು ತಡೆಯುವ ದರ್ಜೆ, ಅಂಕಿ ಹೆಚ್ಚಿದ್ದಷ್ಟೂ ಗಟ್ಟಿ) ಸಾಕು, ಮಲೆನಾಡಿನ ಮಳೆಗೆ ಐಪಿಎಕ್ಸ್6 ನೋಡಿ, ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಬಿಗಿಯಾಗಿ ಕೂರುತ್ತದಾ ಅಂತ ಅಂಗಡಿಯಲ್ಲೇ ಒತ್ತಿ ನೋಡಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ, ಬೆಂಕಿ ಹತ್ತಬಹುದು. ಹಿಂದಿನ ಕೆಂಪು ಲೈಟ್ ಅಗ್ಗದ್ದೇ ಸಾಕು, ಆದರೆ ಮರೆಯಬೇಡಿ. ಮಣ್ಣುದಾರಿ ಸೇರುವ ಮುಂಚೆ ಲಾರಿ ಓಡುವ ರಸ್ತೆ ದಾಟಬೇಕಲ್ಲ.

ಕೈಯಲ್ಲಿ ಒಳ್ಳೆಯ ಲೈಟಿದೆ ಅಂತ ಕತ್ತಲಲ್ಲಿ ಕಾಯ್ದಿಟ್ಟ ಕಾಡಿಗೆ ಹೋಗಬೇಡಿ. ಅದು ಪ್ರಾಣಿಗಳು ಓಡಾಡುವ ಹೊತ್ತು. ಹಳ್ಳಿ ಹತ್ತಿರ ಬಂದಾಗ ಲೈಟನ್ನು ಕಡಿಮೆ ಮೋಡ್‌ಗೆ ಇಳಿಸಿ, ಮೂತಿಯನ್ನು ಕೈಯಿಂದ ಸ್ವಲ್ಪ ಬಗ್ಗಿಸಿ. ಐದೂವರೆಗೆಲ್ಲ ಹಾಲಿನ ಕ್ಯಾನ್ ಹಿಡಿದು ಡೈರಿಗೆ ನಡೆದು ಬರುವವರಿರುತ್ತಾರೆ, ಅವರ ಕಣ್ಣಿಗೆ ಹೊಡೆಯುವುದು ಬೇಡ.