ಒಂದು ಉಲ್ಲೇಖ ಹಿಡಿದು ಹೀಬ್ರೂ ಮೂಲಕ್ಕೆ: ನನ್ನ ಅಧ್ಯಯನ ಕ್ರಮ

ಸತ್ಯವೇದದ (ಬೈಬಲ್) ಹೊಸ ಒಡಂಬಡಿಕೆಗೆ ಹೀಬ್ರೂ ಭಾಷೆಯ ಹಳೆಯ ಒಡಂಬಡಿಕೆಯಲ್ಲಿರುವ ಬೇರು ಹುಡುಕುವವರು ಹೆಚ್ಚಾಗಿ ಯೆಹೂದ್ಯರ ಹಬ್ಬಗಳಿಂದ ಆರಂಭಿಸುತ್ತಾರೆ. ನಾನು ಹೊಸದರಲ್ಲಿ ಬರುವ ಹಳೆಯದರ ಉಲ್ಲೇಖಗಳಿಂದ ಆರಂಭಿಸುತ್ತೇನೆ. ಸತ್ಯವೇದದಲ್ಲಿ ‘ಎಂದು ಬರೆದದೆ’ ಎಂಬ ಮಾತು ಸಿಕ್ಕಿದಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತೇನೆ, ವಾರಕ್ಕೆ ಒಂದನ್ನೇ ಎತ್ತಿಕೊಳ್ಳುತ್ತೇನೆ. ನೋಟ್‌ಬುಕ್ಕಿನ ಪುಟದಲ್ಲಿ ಮೂರು ಕಲಂ: ಕನ್ನಡ, ಹೀಬ್ರೂ, ಮತ್ತು ಸೆಪ್ಟುಅಜಿಂಟ್, ಅಂದರೆ ಕ್ರಿಸ್ತಪೂರ್ವದಲ್ಲೇ ಯೆಹೂದ್ಯರು ಮಾಡಿಕೊಂಡ ಗ್ರೀಕ್ ಅನುವಾದ. ಈ ಮೂರನೆಯ ಕಲಂ ಬಿಟ್ಟರೆ ಕೆಲಸ ಕೆಡುತ್ತದೆ.

ಹೊಸ ಒಡಂಬಡಿಕೆಯ ಇಬ್ರಿಯರಿಗೆ ಎಂಬ ಪತ್ರಿಕೆಯ 10:5 ನೋಡಿ. ಅಲ್ಲಿ ‘ನನಗೆ ದೇಹವನ್ನು ಸಿದ್ಧಮಾಡಿದ್ದೀ’ ಎಂಬರ್ಥದ ಮಾತಿದೆ. ಅದರ ಮೂಲ ಕೀರ್ತನೆ 40:6. ಹೀಬ್ರೂವಿನಲ್ಲಿರುವುದು ‘ಒಜ್ನಯಿಮ್ ಕಾರೀತಾ ಲೀ’, ನನಗೆ ಕಿವಿಗಳನ್ನು ತೋಡಿದ್ದೀ. ಪತ್ರಿಕೆ ಬರೆದವನು ತಪ್ಪಾಗಿ ಉಲ್ಲೇಖಿಸಿದ ಎಂದು ಇಲ್ಲೇ ಎಡವುತ್ತಾರೆ. ಅವನ ಕೈಯಲ್ಲಿದ್ದದ್ದು ಗ್ರೀಕ್ ಪಾಠ. ಅದರಲ್ಲಿ ‘ಸೋಮಾ’, ದೇಹ ಎಂದೇ ಇದೆ. ಕಿವಿ ತೋಡುವುದೆಂದರೆ ಕೇಳಿ ನಡೆಯುವಂತೆ ಮಾಡುವುದು. ಪತ್ರಿಕೆಯ ಅದೇ ಅಧ್ಯಾಯದ 10ನೇ ವಚನದಲ್ಲಿ ಆ ವಿಧೇಯತೆ ದೇಹದ ಅರ್ಪಣೆಯಾಗುತ್ತದೆ.

ವಚನ ಸಂಖ್ಯೆಯೂ ಕಾಡುತ್ತದೆ. ಹೀಬ್ರೂ ಮುದ್ರಣದಲ್ಲಿ ಕೀರ್ತನೆಯ ಶಿರೋನಾಮೆಗೂ ಸಂಖ್ಯೆ ಬೀಳುವುದರಿಂದ ನಮ್ಮ 40:6 ಅಲ್ಲಿ 40:7. ಪೆಂತೆಕೊಸ್ತಿನ ದಿನ ಪೇತ್ರನು ಎತ್ತಿಕೊಂಡ ಯೋವೇಲ 2:28–32, ಅಧ್ಯಾಯ ವಿಂಗಡಣೆಯೇ ಬೇರೆಯಾದ್ದರಿಂದ, ಹೀಬ್ರೂವಿನಲ್ಲಿ 3:1–5.

ಪದ ಹುಡುಕುವಾಗ ಕನ್ನಡ ಪದವನ್ನು ನಂಬಬೇಡಿ. ‘ಹೆಸೆದ್’ ಎಂಬ ಹೀಬ್ರೂ ಪದ ಒಂದೇ ಆದರೂ ಕನ್ನಡದಲ್ಲಿ ಕೃಪೆ, ಪ್ರೀತಿ, ಕರುಣೆ ಎಂದು ಚದುರಿಹೋಗುತ್ತದೆ. ಮೂಲಭಾಷೆಯ ಪ್ರತಿ ಪದಕ್ಕೂ ಸಂಖ್ಯೆ ಕೊಡುವ ಸ್ಟ್ರಾಂಗ್ ಪದಸೂಚಿಯಲ್ಲಿ ಅದರದ್ದು 2617, ಆ ಸಂಖ್ಯೆಯಿಂದ ಹುಡುಕುತ್ತೇನೆ. ಮೊದಲ ಪಾಠಕ್ಕೆ ಕೀರ್ತನೆ 136 ಒಳ್ಳೆಯದು, 26 ವಚನಗಳಲ್ಲಿ 26 ಸಲವೂ ಅದೇ ಪದ. ಆದರೆ ಅದೇ ಸಂಖ್ಯೆಯಡಿ ಯಾಜಕಕಾಂಡ 20:17ರಲ್ಲಿ ಅರ್ಥ ನಾಚಿಕೆಗೇಡು! ಸೂಚಿಯ ಅರ್ಥಪಟ್ಟಿಯಿಂದ ಇಷ್ಟವಾದದ್ದನ್ನು ಆರಿಸಿ ಎಲ್ಲೆಡೆ ಅಂಟಿಸುವ ಚಟಕ್ಕೆ ಈ ಒಂದು ವಚನ ಸಾಕು ಮದ್ದು.

ಮತ್ತಾಯ 9:13ರಲ್ಲಿ ಯೇಸು ಹೇಳುವ ‘ಯಜ್ಞವಲ್ಲ, ಕರುಣೆ’ ಹೋಶೇಯ 6:6ರದ್ದು. ಅಲ್ಲಿ ಕರುಣೆಗಿರುವ ಹೀಬ್ರೂ ಪದ ಇದೇ ಹೆಸೆದ್. ಗ್ರೀಕಿನಲ್ಲಿ ‘ಎಲೆಯೋಸ್’, ಮರುಕ. ಎರಡೇ ವಚನ ಹಿಂದಕ್ಕೆ, 6:4ಕ್ಕೆ ಹೋದರೆ ನಿಮ್ಮ ಹೆಸೆದ್ ಬೆಳಗಿನ ಮಂಜಿನ ಹಾಗೆ ಎಂದಿದೆ. ಮಂಜಿನಂತೆ ಕರಗಿದ್ದು ಮರುಕವಷ್ಟೇ ಅಲ್ಲ, ಒಡಂಬಡಿಕೆಯ ನಿಷ್ಠೆ. ಸುಂಕದವರ ಜೊತೆ ಊಟಕ್ಕೆ ಕೂತ ಸಂದರ್ಭಕ್ಕೆ ಅದನ್ನು ಹಚ್ಚಿ ಓದಿ, ಮಾತಿನ ಮೊನೆ ತಿಳಿಯುತ್ತದೆ.

ಹಬ್ಬಗಳಿಗೆ ಆಮೇಲೆ ಬರಬಹುದು, ಪ್ರತಿ ಟಿಪ್ಪಣಿಯ ಪಕ್ಕ ಕಾಲ ಬರೆಯುವ ಷರತ್ತಿನ ಮೇಲೆ. ಐಗುಪ್ತದಿಂದ ಬಿಡುಗಡೆಯ ನೆನಪಿನ ಪಸ್ಕಹಬ್ಬದ ಊಟದಲ್ಲಿ ಕುಡಿಯುವ ನಾಲ್ಕು ಬಟ್ಟಲು ದ್ರಾಕ್ಷಾರಸದ ವಿವರ, ಯೆಹೂದ್ಯ ಗುರುಗಳ ನಿಯಮಸಂಗ್ರಹವಾದ ಮಿಷ್ನಾದ ಪೆಸಾಹೀಮ್ ಭಾಗದ 10ನೇ ಅಧ್ಯಾಯದಲ್ಲಿದೆ. ಮಿಷ್ನಾ ಸಂಕಲನವಾದದ್ದು ಸುಮಾರು ಕ್ರಿ.ಶ. 200ರಲ್ಲಿ, ಯೆರೂಸಲೇಮಿನ ದೇವಾಲಯ ಬಿದ್ದದ್ದು 70ರಲ್ಲಿ. ಇಂದಿನ ಯೆಹೂದ್ಯ ಮನೆಯ ಪಸ್ಕದೂಟವನ್ನು ಹಾಗೇ ಎತ್ತಿ ಯೇಸು ಶಿಷ್ಯರೊಂದಿಗೆ ಮಾಡಿದ ಕಡೆಯ ಭೋಜನದ ಮೇಜಿಗೆ ಬಡಿಸಲಾಗದು. ವಿಮೋಚನಕಾಂಡ 12ರ ಕುರಿಮರಿ, ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪು, ಇಷ್ಟನ್ನು ಒಂದು ಕಲಮಿನಲ್ಲಿ ಬರೆದು, ಉಳಿದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯುತ್ತೇನೆ.