ಲೇತ್ ಮೇಲಿನ ಗೊಂಬೆಗೆ ಅರಗಿನ ಹೊಳಪು ಬರಬೇಕಾದರೆ

ಮನೆಯಲ್ಲೇ ಪುಟ್ಟ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಅಲಂಕಾರದ ಗೊಂಬೆ, ಕಂಬ, ಕಳಶ ಕಡೆಯುವವರಿಗೆ ಒಂದು ಮಾತು. ಬಣ್ಣದ ಡಬ್ಬಿಗೆ ಕೈ ಹಾಕುವ ಮೊದಲು ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವ ಬಣ್ಣದ ಅರಗನ್ನು ಒಮ್ಮೆ ಪ್ರಯತ್ನಿಸಿ.

ಹಾಲೆ ಮರ ಸಿಕ್ಕರೆ ಬಹಳ ಒಳ್ಳೆಯದು. ಬಿಳುಪು, ನುಣುಪು, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಚೆನ್ನಾಗಿ ಒಣಗಿರಲೇಬೇಕು. ತುಂಡನ್ನು ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ, ತೂಕ ಇಳಿಯುವುದು ನಿಂತ ಮೇಲಷ್ಟೇ ಕಡೆಯಿರಿ. ನನ್ನ ಮೊದಲ ಕಳಶ ಹಸಿ ಮರದ್ದು, ತಿಂಗಳೊಳಗೆ ಕತ್ತಿನಿಂದ ಬುಡದವರೆಗೂ ಸೀಳಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಕಾರ ಬಂದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿ, ಪುಡಿ ಪೂರ್ತಿ ಒರೆಸಿ. ಎಣ್ಣೆ ಮಾತ್ರ ಸೋಕಿಸಬೇಡಿ, ಅರಗು ಹಿಡಿಯುವುದಿಲ್ಲ. ಉಳಿ ಆನಿಸುವ ಪಟ್ಟಿ ತೆಗೆದಿಟ್ಟು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಿರಿ. ತಿಕ್ಕಾಟದ ಬಿಸಿಗೇ ಅದು ಕರಗಿ ಅಂಟುತ್ತದೆ, ಬೆಂಕಿ ಬೇಡ. ಮೊದಲು ಪಟ್ಟೆ ಪಟ್ಟೆಯಾಗಿ ಒರಟಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಒಣಗಿದ ಕೇದಗೆ ಗರಿಯ ತುಂಡನ್ನು ಒತ್ತಿ ಮೆಲ್ಲಗೆ ಸರಿಸುತ್ತಾ ಹೋದರೆ ಪಟ್ಟೆಗಳೆಲ್ಲ ಕರಗಿ ಕನ್ನಡಿಯಂತಾಗುತ್ತದೆ.

ಕೈಗವಸು, ಸಡಿಲ ತೋಳಿನ ಅಂಗಿ ಖಂಡಿತ ಬೇಡ. ಕಣ್ಣು ಕಾಯುವ ಕನ್ನಡಕ ಹಾಕಿಕೊಳ್ಳಿ.