ಇವತ್ತಿನ ಕಿರ್ದಿ ಇವತ್ತೇ

ನಮ್ಮ ಅಪ್ಪ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಒಂದು ಅಡತ್ ಅಂಗಡಿಯ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ಗುಮಾಸ್ತರಾಗಿ 34 ವರ್ಷ ದುಡಿದವರು. ಹತ್ತಿ ಸುಗ್ಗಿ ಶುರುವಾಯಿತೆಂದರೆ ದೀಪಾವಳಿಯಿಂದ ಶಿವರಾತ್ರಿ ತನಕ ಅವರು ಮನೆಗೆ ಬರುವ ಹೊತ್ತಿಗೆ ಅಕ್ಕ ಮತ್ತು ನಾನು ಅರೆನಿದ್ದೆಯಲ್ಲಿರುತ್ತಿದ್ದೆವು. ಅವರ ಅಂಗಿ ತೋಳಿಗೆ ಹತ್ತಿ ಎಳೆ ಅಂಟಿರುತ್ತಿತ್ತು. ನಮ್ಮ ಜಿಲ್ಲೆಯದಷ್ಟೇ ಅಲ್ಲ, ಗದ್ವಾಲ, ನಾರಾಯಣಪೇಟೆ ಕಡೆಯ ಗಾಡಿಗಳೂ ಬಂದು ನಿಲ್ಲುವ ಮಾರುಕಟ್ಟೆ ಅದು. ತೂಕದ ಚೀಟಿ, ಹಮಾಲಿ, ರೈತರಿಗೆ ಕೊಟ್ಟ ಮುಂಗಡ, ಖರೀದಿದಾರರಿಂದ ಬರಬೇಕಾದದ್ದು, ಎಲ್ಲವೂ ಒಂದೇ ಕೈಯಿಂದ ಕಿರ್ದಿಗೆ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕಕ್ಕೆ, ಇಳಿಯಬೇಕು. ಎಷ್ಟೇ ಹೊತ್ತಾಗಲಿ, ಆ ದಿನದ ಕಿರ್ದಿ ತಾಳೆಯಾಗದೆ ಅಪ್ಪ ಗಾದಿ ಬಿಟ್ಟು ಏಳುತ್ತಿರಲಿಲ್ಲ. ತಾಳೆಯಾದ ಮೇಲೆ ಮೊತ್ತದ ಕೆಳಗೆ ಎರಡು ಗೆರೆ. ಸ್ಕೇಲು ಇಡುತ್ತಿರಲಿಲ್ಲ, ಒಂದೇ ಬೀಸು. ರಜೆಯಲ್ಲಿ ಬುತ್ತಿ ಒಯ್ದು ಕೊಟ್ಟು ಪಕ್ಕದಲ್ಲಿ ಕೂತಾಗ ಆ ಎರಡು ಗೆರೆಗಾಗಿಯೇ ನಾನು ಕಾಯುತ್ತಿದ್ದೆ.

"ಇವತ್ತಿನ ಕಿರ್ದಿ ಇವತ್ತ ಮುಗಿಸಬೇಕವ್ವಾ. ನಾಳಿ ಕುಂತ್ರ ಚೀಟಿ ಇರ್ತೈತಿ, ನೆನಪು ಇರಂಗಿಲ್ಲ" ಅನ್ನುತ್ತಿದ್ದರು.

ಲೆಕ್ಕ ತಪ್ಪಿದಾಗ ಹುಡುಕುವ ದಾರಿಯನ್ನೂ ಅವರೇ ಕಲಿಸಿದರು. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು. 7,450 ಬರೆಯುವಲ್ಲಿ 7,540 ಬರೆದರೆ ವ್ಯತ್ಯಾಸ 90. ಅದೂ ಅಲ್ಲವಾದರೆ ವ್ಯತ್ಯಾಸದ ಅರ್ಧ ಮಾಡಿ, ಆ ಮೊತ್ತ ಪುಟದಲ್ಲಿ ಎಲ್ಲಿದೆ ನೋಡು ಅನ್ನುತ್ತಿದ್ದರು. ಜಮಾ ಕಡೆ ಬರಬೇಕಾದ 500 ರೂಪಾಯಿ ಖರ್ಚಿನ ಕಡೆ ಬಿದ್ದಿದ್ದರೆ ತಪ್ಪು 500 ಅಲ್ಲ, 1,000 ಆಗುತ್ತದೆ. ಈ ಎರಡನೆಯ ಮಾತು ಬಹಳ ವರ್ಷಗಳ ನಂತರ ಬೇರೆಯೇ ಕಡೆ ನನ್ನ ಕೈ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ನಾನೂ ಲೆಕ್ಕದ ಕೆಲಸಕ್ಕೇ ಬಂದೆ. ತೀನ್ ಕಂದೀಲ್ ಹತ್ತಿರ ಒಂದು ಸಣ್ಣ ಆಫೀಸು, ಇಬ್ಬರು ಹುಡುಗಿಯರು ಸಹಾಯಕ್ಕೆ. ವ್ಯಾಪಾರಿಗಳ ಲೆಕ್ಕ ಬರೆಯುವುದು, ತೆರಿಗೆ ರಿಟರ್ನ್ ತುಂಬುವುದು ನಮ್ಮ ಕೆಲಸ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ನಮ್ಮ ತಿಂಗಳು ತಾರೀಖುಗಳಲ್ಲಿ ತುಂಡಾಯಿತು. 7ಕ್ಕೆ ಟಿಡಿಎಸ್ (ಮೂಲದಲ್ಲೇ ಕಡಿದುಕೊಂಡ ತೆರಿಗೆ ಕಟ್ಟುವುದು), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ರಿಟರ್ನ್). ಇದರ ನಡುವೆ ಜುಲೈ ಕೊನೆಗೆ ಆದಾಯ ತೆರಿಗೆ, ಸೆಪ್ಟೆಂಬರ್‌ಗೆ ಆಡಿಟ್. ಅದೇ ವರ್ಷ ಅಪ್ಪ ಗಂಜಿನ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಅವರ ಕೈ ಖಾಲಿಯಾದ ಹೊತ್ತಿಗೇ ನನ್ನ ಕೈ ತುಂಬಿಹೋಯಿತು.

2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ದೊಡ್ಡ ನೆರೆ ಬಂತು. ನಾರಾಯಣಪುರ ಜಲಾಶಯದಿಂದ ಲಕ್ಷಗಟ್ಟಲೆ ಕ್ಯೂಸೆಕ್ ಬಿಡುತ್ತಿದ್ದರು. ಬೆಳಿಗ್ಗೆ ನಾನು ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಪೇಪರು ಮಡಚಿ ಕೇಳಿದರು. "ದೇವಸೂಗೂರದಾಗ ಹೊಳಿ ಬಂದೈತಂತ. ದೂರದಿಂದ ನೋಡಿ ಬರೋಣೇನು? ಸಣ್ಣಾವಿದ್ದಾಗ ನಮ್ಮಪ್ಪ ತೋರಿಸಿದ್ದ." ಆ ವರ್ಷ ಆದಾಯ ತೆರಿಗೆಯ ಗಡುವು ಜುಲೈ 31ರಿಂದ ಆಗಸ್ಟ್ 31ಕ್ಕೆ ಹೋಗಿತ್ತು, ಮೇಜಿನ ಮೇಲೆ ಫೈಲುಗಳ ರಾಶಿಯಿತ್ತು. "31 ಮುಗೀಲಿ ಅಪ್ಪಾ" ಅಂದೆ. ಅವರು ಮತ್ತೆ ಕೇಳಲಿಲ್ಲ. 31 ಮುಗಿಯಿತು, ಸೆಪ್ಟೆಂಬರ್ ಬಂತು, ಆಡಿಟ್ ಬಂತು, ದಸರೆ ಬಂತು. ನಾನು ಅವರನ್ನು ಕರೆದುಕೊಂಡು ಹೋದದ್ದು ಡಿಸೆಂಬರ್‌ನಲ್ಲಿ, ಸೂಗೂರೇಶ್ವರನ ಜಾತ್ರೆ ಆದಮೇಲೆ.

ಹೊಳೆಯಲ್ಲಿ ಬಂಡೆಗಳಿದ್ದವು. ನಿಜಾಮರ ಕಾಲದ ಸೇತುವೆಯ ಕೆಳಗೆ ಬಂಡೆಗಳ ಸಂದಿಯಲ್ಲಿ ನೀರು ಅಲ್ಲಲ್ಲಿ ನಿಂತಿತ್ತು, ಅಲ್ಲಲ್ಲಿ ಹರಿಯುತ್ತಿತ್ತು. ಯಾರೋ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅಪ್ಪ ಕಟ್ಟೆಗೆ ಕೈಯೂರಿ ಬಹಳ ಹೊತ್ತು ನೋಡಿದರು. ಬೇಸರ ತೋರಿಸಲಿಲ್ಲ. ವಾಪಸು ಬರುವಾಗ ರಸ್ತೆ ಬದಿಯಲ್ಲಿ ಒಗ್ಗರಣೆ-ಮಿರ್ಚಿ ತಿಂದೆವು. ಕೈ ತೊಳೆಯುತ್ತ ಅಂದರು: "ಇರಲಿ ಬಿಡು. ಮುಂದಿನ ವರ್ಷಕ್ಕ ಬಾಕಿ ಎಳಿ."

ಅವರು ಸಮಾಧಾನಕ್ಕೆ ಹೇಳಿದ ಮಾತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಹತ್ತಾರು ಅಂಗಡಿಗಳ ಬಾಕಿ ನನ್ನ ನಾಲಿಗೆ ತುದಿಯಲ್ಲಿರುತ್ತದೆ. ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ನನ್ನದೇ ಮನೆಯಲ್ಲಿ, ನನ್ನದೇ ಜನಕ್ಕೆ ನಾನು ಉಳಿಸಿಕೊಂಡ ಬಾಕಿ ಎಷ್ಟು? ಎದ್ದು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳ ಮೇಲೆ ಬರೆಯಲು ಕೂತೆ. ಇಪ್ಪತ್ಮೂರು ಹೆಸರು ಬಂದವು. ಆಫೀಸು ಬಾಡಿಗೆಗೆ ಹಿಡಿಯುವಾಗ ಮುಂಗಡಕ್ಕೆ ಸಾಲ ಕೊಟ್ಟ ಚಿಕ್ಕಪ್ಪನಿಗೆ ಹಣ ತಿರುಗಿಸಿದ್ದೆ, ಅವರ ಮನೆಗೆ ಹೋಗಿ ಒಂದು ಮಾತು ಹೇಳಿರಲಿಲ್ಲ. ನನ್ನ ಬಾಣಂತನದಲ್ಲಿ ಎರಡು ತಿಂಗಳು ದಿನಾ ಬಂದು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಪಕ್ಕದ ಓಣಿಯ ಅಜ್ಜಿ ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ.

ಅಂದಿನಿಂದ ನಾನು ಒಂದು ಪುಸ್ತಕ ಇಟ್ಟಿದ್ದೇನೆ. ಉದ್ದನೆಯ, ಕೆಂಪು ರಟ್ಟಿನ, ಗಂಜಿನಲ್ಲಿ ಸಿಗುವ ಅದೇ ಕಿರ್ದಿ ಪುಸ್ತಕ. ಎಡಕ್ಕೆ ಜಮಾ: ಇವತ್ತು ಯಾರಿಂದ ಏನು ಪಡೆದೆ. ಬಲಕ್ಕೆ ಬಾಕಿ: ಯಾರಿಗೆ ಏನು ಕೊಡುವುದಿದೆ. ಮಲಗುವ ಮುಂಚೆ ಹತ್ತು ನಿಮಿಷ ಸಾಕು.

ಮೊದಲ ಮೂರು ತಿಂಗಳು ಸರಿಯಾಗಲಿಲ್ಲ. ಫೋನಿನಲ್ಲೂ ನೆನಪಿನ ಗಂಟೆ ಇಟ್ಟು ನೋಡಿದೆ. ದಿನಕ್ಕೆ ನೂರು ಸಲ ಗಂಟೆ ಬಾರಿಸುವ ಯಂತ್ರದಲ್ಲಿ ಅದೂ ಒಂದಾಯಿತು, ಬೆರಳು ತಾನಾಗಿ ಅಳಿಸುತ್ತಿತ್ತು. ಪುಸ್ತಕದಲ್ಲಿ ದಿನಕ್ಕೆ ಹತ್ತು ಬಾಕಿ ಬರೆದೆ, ಒಂದೂ ತೀರಲಿಲ್ಲ. ಈಗ ಮೂರೇ. ನಾಲ್ಕನೆಯದು ಬರೆಯಬೇಕಾದರೆ ಮೂರರಲ್ಲಿ ಒಂದು ತೀರಿರಬೇಕು. ಒಂದೇ ಬಾಕಿಯನ್ನು ಎರಡು ಸಲ ಮುಂದಿನ ಪುಟಕ್ಕೆ ಎಳೆದರೆ ಮೂರನೆಯ ದಿನ ಕಂಪ್ಯೂಟರ್ ಹಚ್ಚುವ ಮುಂಚೆ ಅದನ್ನು ತೀರಿಸುತ್ತೇನೆ. ಎಷ್ಟೋ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದು, ಫ್ಯಾನು ಹಾಕಿ, ಮೊದಲು ಫೋನು ಮಾಡಿ ಆಮೇಲೆ ಕೂತಿದ್ದೇನೆ.

ಇನ್ನೊಂದು ತಪ್ಪು ತಿಳಿಯಲು ಅಪ್ಪನೇ ಬೇಕಾಯಿತು. ಒಂದು ದಿನ ಕನ್ನಡಕ ಏರಿಸಿ ನನ್ನ ಪುಸ್ತಕ ನೋಡಿದರು. "ಮನೆಯವರಿಗೆ ಸಮಯ ಕೊಡಬೇಕು" ಅಂತ ಬರೆದಿದ್ದೆ. "ಇದು ಯಾರ ಖಾತೆವ್ವಾ? ಹೆಸರಿಲ್ಲ, ರಕಮಿಲ್ಲ. ಅನಾಮತ್ತಿಗೆ ಹಾಕೀದಿ" ಅಂದರು. ಗೊತ್ತಿಲ್ಲದವರಿಗೆ ಹೇಳಬೇಕು: ರಕಮು ಅಂದರೆ ಮೊತ್ತ. ಬಂದ ಹಣ ಯಾರದು, ಯಾವುದಕ್ಕೆ ಅಂತ ತಿಳಿಯದಿದ್ದಾಗ ತಾತ್ಕಾಲಿಕವಾಗಿ ಹಾಕಿಡುವ ಜಾಗ ಅನಾಮತ್ತು ಖಾತೆ. ಅದು ಬೆಳೆಯುತ್ತ ಹೋದರೆ ಲೆಕ್ಕ ಬರೆಯುವವನು ಹುಡುಕುವುದನ್ನು ಬಿಟ್ಟಿದ್ದಾನೆ ಅಂತಲೇ ಅರ್ಥ. ನನ್ನ ಒಳ್ಳೆಯ ಯೋಚನೆಗಳೆಲ್ಲ ಅಲ್ಲೇ ಬಿದ್ದಿದ್ದವು. ಆರೋಗ್ಯ ನೋಡಿಕೊಳ್ಳಬೇಕು, ಸಿಟ್ಟು ಕಡಿಮೆ ಮಾಡಬೇಕು, ಮಗನ ಜೊತೆ ಇರಬೇಕು. ಒಂದಕ್ಕೂ ಹೆಸರಿಲ್ಲ, ತಾರೀಖಿಲ್ಲ. ಆಮೇಲೆ "ಗುರುವಾರ ಸಂಜೆ ಮಗನ ಸೈಕಲ್ ಚೈನು ಇಬ್ಬರೂ ಕೂತು ಹಾಕುವುದು" ಅಂತ ಬರೆಯಲು ಕಲಿತೆ. ಗುರುವಾರ ಹಾಕಿದೆವು. ನನ್ನ ಕೈಯೆಲ್ಲ ಗ್ರೀಸು. ಶಾಲೆಯಲ್ಲಿ ಒಬ್ಬ ಹುಡುಗ ತನ್ನನ್ನು ಹೊಡೆಯುತ್ತಾನೆಂದು ಅವನು ಬಾಯಿಬಿಟ್ಟದ್ದು ಆ ಚೈನು ಹಾಕುವಾಗಲೇ. ಎದುರು ಕೂರಿಸಿಕೊಂಡು ಕೇಳಿದ್ದರೆ ಹೇಳುತ್ತಿರಲಿಲ್ಲ.

ಬರೆಯುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಉಳಿದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಆ ಭಯಕ್ಕೆ 20ನೆಯ ತಾರೀಖು ಯಾರಿಗೂ ಮರೆಯುವುದಿಲ್ಲ. ಅವ್ವನ ಸೀರೆಗೆ ಫಾಲ್ ಹಚ್ಚಿಸಿ ಕೊಡುವುದು ಎರಡು ತಿಂಗಳು ತಡವಾದರೂ ಅವ್ವ ಶುಲ್ಕ ಹಾಕುವುದಿಲ್ಲ. ಹಾಗಾಗಿ ದಂಡ ಹಾಕುವವರ ಕೆಲಸ ಮುಂದೆ, ಹಾಕದವರ ಕೆಲಸ ಹಿಂದೆ. ನಾವು ಪ್ರೀತಿ ಮಾಡುವವರನ್ನೇ ಸರದಿಯ ಕೊನೆಗೆ ನಿಲ್ಲಿಸುತ್ತೇವಲ್ಲ, ಪ್ರೀತಿ ಕಡಿಮೆಯಾಗಿ ಅಲ್ಲ, ಅವರು ಸುಮ್ಮನಿರುತ್ತಾರೆಂಬ ಧೈರ್ಯಕ್ಕೆ. ಇದು ತಿಳಿದ ದಿನದಿಂದ ಮೂರು ಬಾಕಿಯಲ್ಲಿ ಒಂದನ್ನು ಏನೂ ಕೇಳದವರಿಗೆ ಅಂತ ಮೀಸಲಿಟ್ಟೆ.

ಇನ್ನು ಅಕ್ಕನ ವಿಷಯ.

2018ರಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬಿಟ್ಟ ದಿನ ಸಿಂಧನೂರಿನ ಅಕ್ಕ ಬಂದವಳೇ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹೋಗುವಾಗ "ನಿನಗೆಲ್ಲಿ ಪುರಸೊತ್ತು" ಅಂದಳು. ಆ ಮಾತು ನನ್ನೊಳಗೆ ಮುಳ್ಳಿನಂತೆ ನಿಂತಿತು. ಹಬ್ಬಕ್ಕೆ ಹೋಗುವುದು ಬಿಟ್ಟೆ, ಫೋನಿನಲ್ಲಿ ಊಟ ಆಯ್ತಾ ಅನ್ನುವಷ್ಟಕ್ಕೆ ಮಾತು ನಿಂತಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಆಫೀಸು ಮುಚ್ಚಿ ಮನೆಯಲ್ಲಿ ಕೂತಾಗ, ಪುಸ್ತಕದಲ್ಲಿ ಅಕ್ಕನಿಗೆ ಒಂದು ಖಾತೆ ತೆಗೆದು ನೆನಪಿದ್ದದ್ದನ್ನೆಲ್ಲ ಬರೆಯುತ್ತ ಹೋದೆ. ಎಷ್ಟು ಕೂಡಿಸಿ ಕಳೆದರೂ ನನ್ನ ಸಿಟ್ಟಿಗೆ ಸರಿಯಾದ ಕಾರಣ ಸಿಗಲಿಲ್ಲ. ಸಿಟ್ಟು ದೊಡ್ಡದು, ಕಾರಣ ಸಣ್ಣದು. ಆಗ ಅಪ್ಪನ ಮಾತು ನೆನಪಾಯಿತು: ಅರ್ಧ ಮಾಡಿ ನೋಡು, ಯಾವುದೋ ರಕಮು ತಪ್ಪಾದ ಕಡೆ ಬಿದ್ದಿದೆ.

ಅಕ್ಕ ಅಪ್ಪನನ್ನು ನಲವತ್ತು ದಿನ ಇಟ್ಟುಕೊಂಡಿದ್ದಳು. ಹಾಸಿಗೆಯಲ್ಲೇ ಎಲ್ಲ. ಬೆಡ್‌ಪ್ಯಾನು, ಮೈ ಒರೆಸುವುದು, ರಾತ್ರಿ ಎರಡು ಸಲ ಮಗ್ಗಲು ಹೊರಳಿಸುವುದು. ಆ ನಲವತ್ತು ದಿನ ನಾನು ಆಫೀಸು ನಡೆಸಿದೆ. ಅವಳಿಂದ ನನಗೆ ಬಂದ ಜಮಾ ಅದು. ನಾನದನ್ನು "ನನ್ನನ್ನು ಕೇಳದೆ ಕರೆದೊಯ್ದಳು" ಅಂತ ಖರ್ಚಿನ ಕಡೆ ಬರೆದುಕೊಂಡು ಎರಡು ವರ್ಷ ಇಟ್ಟುಕೊಂಡಿದ್ದೆ. ತಪ್ಪು ಎರಡರಷ್ಟು ಆಗಿದ್ದು ಹಾಗೆ.

ಆ ರಾತ್ರಿಯೇ ಫೋನು ಮಾಡಿದೆ. ಇದನ್ನೆಲ್ಲ ವಿವರಿಸಲು ಬಾಯಿ ಬರಲಿಲ್ಲ. "ಅಕ್ಕಾ, ಆ ನಲವತ್ತು ದಿನ ನೀ ಮಾಡಿದ್ದು ನಾ ಮಾಡಬೇಕಾಗಿತ್ತು" ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಂದಳು: "ನಾನೂ ಹಂಗ ಅನಬಾರದಿತ್ತು. ಅಪ್ಪಗ ಪುಂಡಿ ಪಲ್ಲೆ ಅಂದ್ರ ಆಸಿ, ಮಾಡಿ ಹಾಕ್ತೀಯಿಲ್ಲ?"

ಎಲ್ಲ ಬಾಕಿಯೂ ಹೀಗೆ ತೀರಲಿಲ್ಲ. ಎಣ್ಣೆ ಹಚ್ಚಿದ ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಅವರ ಸೊಸೆಗೆ ಒಂದು ಸೀರೆ ಕೊಟ್ಟು, ಆ ಎರಡು ತಿಂಗಳ ಕಥೆ ಹೇಳಿ ಬಂದೆ. ಸೊಸೆಗೆ ಅದು ಗೊತ್ತೇ ಇರಲಿಲ್ಲ. ಜಗಳದಲ್ಲಿ ಕೆಲಸ ಬಿಟ್ಟುಹೋದ ಹುಡುಗಿಯೊಬ್ಬಳು ನನ್ನ ಫೋನು ಇವತ್ತಿಗೂ ಎತ್ತುವುದಿಲ್ಲ. ಅವಳ ಖಾತೆ ತೆರೆದೇ ಇದೆ. ಮುಚ್ಚುವ ಹಕ್ಕು ನನ್ನದಲ್ಲ, ಅವಳದು.

ಕೆಲಸ ಕಡಿಮೆಯಾಯಿತೇ ಅಂತ ಗೆಳತಿಯರು ಕೇಳುತ್ತಾರೆ. ಇಲ್ಲ. 20ನೆಯ ತಾರೀಖು ಇವತ್ತಿಗೂ ರಾತ್ರಿ ಹನ್ನೊಂದಾಗುತ್ತದೆ. ಆದರೆ ಒಂದು ಕೆಲಸ ಮುಂದೂಡುವಾಗ ಯಾರದನ್ನು ಮುಂದೂಡುತ್ತಿದ್ದೇನೆ ಅಂತ ಈಗ ಗೊತ್ತಿರುತ್ತದೆ, ಹೆಸರು ಬರೆದಿರುತ್ತದೆ.

2021ರ ಜುಲೈ ಕೊನೆಯ ವಾರ ಮತ್ತೆ ಕೃಷ್ಣೆ ಬಂದಳು. ಬಾಕಿ ಪುಟದಲ್ಲಿ "ಅಪ್ಪ, ಹೊಳೆ" ಅಂತ ಇತ್ತು. ಆಫೀಸಿಗೆ ಬೀಗ ಹಾಕಿ, ಅಕ್ಕನಿಗೆ ಫೋನು ಮಾಡಿ ಬಾ ಅಂದೆ. ಅವಳು ಸಿಂಧನೂರಿನಿಂದ ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ಬಂದಳು. ಅಪ್ಪನಿಗೆ ಅಷ್ಟೊತ್ತಿಗೆ ವಾಕರ್ ಇಲ್ಲದೆ ನಡೆಯಲು ಆಗುತ್ತಿರಲಿಲ್ಲ. ದಡದ ಹತ್ತಿರ ಪೊಲೀಸರು ಬಿಡಲಿಲ್ಲ, ದೂರದ ಏರಿನ ಮೇಲೆ ಕಾರು ನಿಲ್ಲಿಸಿ ಬಾಗಿಲು ತೆಗೆದೆವು. ಡಿಸೆಂಬರ್‌ನಲ್ಲಿ ನೋಡಿದ್ದ ಬಂಡೆಗಳಲ್ಲಿ ಒಂದೂ ಕಾಣಲಿಲ್ಲ. ಕೆಂಪು ನೀರು, ಅದರ ಮೇಲೆ ಜಾಲಿ ಕಂಟಿಗಳು ತೇಲಿ ಹೋಗುತ್ತಿದ್ದವು. ಕಾರಿನ ತನಕ ಸದ್ದು ಬರುತ್ತಿತ್ತು. ಅಪ್ಪ ಒಂದು ಕಾಲು ಹೊರಗಿಟ್ಟು, ಅಕ್ಕನ ಕೈ ಹಿಡಿದು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಮುಕ್ಕಾಲು ತಾಸು ಮಾತಿಲ್ಲ.

ರಾತ್ರಿ ನಾನು ಪುಸ್ತಕ ತೆಗೆದಾಗ "ಇಲ್ಲಿ ಕೊಡು" ಅಂದರು. ಎಡಗಡೆ, ಗಂಜಿನ ಅದೇ ಓರೆ ಅಕ್ಷರದಲ್ಲಿ "ಜಮಾ: ಹೊಳಿ, ಮಕ್ಕಳಿಬ್ಬರು" ಅಂತ ಬರೆದರು. ಬಲಗಡೆ ನನ್ನ ಬಾಕಿಯ ಸಾಲು ಹುಡುಕಿದರು. ಅದರ ಕೆಳಗೆ, ಸ್ಕೇಲಿಲ್ಲದೆ, ನಡುಗುವ ಕೈಯಿಂದ ನಿಧಾನವಾಗಿ ಎರಡು ಗೆರೆ ಎಳೆದರು.